ಎಲ್ಲಿ ನಗಬೇಕು?

2025ರ ಜುಲೈಯಲ್ಲಿ ಒಂದು ಬೆಳಿಗ್ಗೆ ಮಗಳು ನ್ಯೂಜೆರ್ಸಿಯಿಂದ ಫೋನ್ ಮಾಡಿ, "ಅಪ್ಪ, ನಿನ್ನ ಫ್ರೆಂಡ್ ಶೋ ನಿಲ್ಲಿಸ್ತಾರಂತೆ. ಬರೋ ಮೇ ತಿಂಗಳಿಗೆ ಮುಗೀತು" ಎಂದಳು. ಫ್ರೆಂಡ್ ಎಂದರೆ ಸ್ಟೀಫನ್ ಕೋಲ್ಬೇರ್, ಅಮೆರಿಕದ ಸಿಬಿಎಸ್ ಚಾನೆಲ್ಲಿನಲ್ಲಿ ರಾತ್ರಿ 11:35ಕ್ಕೆ ಬಂದು ನಗಿಸುತ್ತಿದ್ದ ಮನುಷ್ಯ. ನಾನು ಯಾರೆಂದು ಆತನಿಗೆ ಗೊತ್ತಿಲ್ಲ ಅನ್ನುವುದೊಂದನ್ನು ಬಿಟ್ಟರೆ ನಮ್ಮ ಸ್ನೇಹದಲ್ಲಿ ಯಾವ ಕೊರತೆಯೂ ಇಲ್ಲ.

ಅಡುಗೆಮನೆಯಿಂದಲೇ ನನ್ನಾಕೆ ಕೇಳಿದಳು: "ಯಾರು ರೀ, ಬಚ್ಚಲಲ್ಲಿ ಕೋಟು ಹಾಕ್ಕೊಂಡು ಕೂತಿದ್ನಲ್ಲ, ಆ ಕೋಲುಬೇರಾ? ಅಯ್ಯೋ ಪಾಪ. ಅವನ ಹೆಂಡತಿಗೆ ಎಷ್ಟು ಬೇಜಾರಾಗಿರುತ್ತೋ."

ಕೆಲಸ ಹೋಗುತ್ತಿದ್ದದ್ದು ಅವನದು. ಇವಳ ಮರುಕ ಮಾತ್ರ ನೇರವಾಗಿ ಅವನ ಹೆಂಡತಿಯ ಪಾಲಿಗೆ. ಇದಕ್ಕೊಂದು ಹಿನ್ನೆಲೆಯಿದೆ, ಹೇಳಿಬಿಡುತ್ತೇನೆ. ಅದರ ಜೊತೆಗೆ, ಐದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿರುವ ಒಂದು ತಪ್ಪೊಪ್ಪಿಗೆಯನ್ನೂ.

2020ರ ಫೆಬ್ರವರಿಯಲ್ಲಿ ನಾವಿಬ್ಬರೂ ಮೈಸೂರಿನಿಂದ ನ್ಯೂಜೆರ್ಸಿಯ ಎಡಿಸನ್ನಿಗೆ ಹೋದದ್ದು ಮಗಳ ಬಾಣಂತನಕ್ಕೆ. ಸೂಟ್‌ಕೇಸಿನ ತುಂಬ ಅಂಟಿನುಂಡೆ, ಬಜೆ, ಒಣಶುಂಠಿ, ಸಾಂಬ್ರಾಣಿ. ಮೊದಲ ದಿನ ಇವಳು ಮಗುವಿನ ತಲೆ ಆರಿಸಲು ಸಾಂಬ್ರಾಣಿ ಹೊಗೆ ಹಾಕಿದ್ದೇ ತಡ, ಚಾವಣಿಯಲ್ಲಿದ್ದ ಹೊಗೆಗಂಟೆ ಕಿರುಚಿಕೊಂಡು ಇಡೀ ಅಪಾರ್ಟ್‌ಮೆಂಟಿಗೆ ನಮ್ಮ ಆಗಮನವನ್ನು ಸಾರಿತು. ಅಳಿಯಂದಿರು ಸ್ಟೂಲಿನ ಮೇಲೆ ನಿಂತು ಅದಕ್ಕೆ ಟವೆಲ್ ಬೀಸಿದರು. ಅವತ್ತಿನಿಂದ ಹೊಗೆ ಹಾಕುವಾಗ ಒಬ್ಬರು ಮಗುವಿಗೆ, ಒಬ್ಬರು ಚಾವಣಿಗೆ.

ಕೆಲಸ ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು ರಾತ್ರಿ ಪಾಳಿ. ಹನ್ನೊಂದೂವರೆಗೆ ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರುವ ತನಕ ಬೆನ್ನು ತಟ್ಟಬೇಕು. ಆ ಮಗುವಿಗೋ ತೇಗುವುದರಲ್ಲಿ ನಮ್ಮ ಸರ್ಕಾರಿ ಕಚೇರಿಯ ಕಡತದಷ್ಟೇ ಅವಸರ. ಹೊತ್ತು ಹೋಗಲೆಂದು ಟಿವಿ ಹಾಕುತ್ತಿದ್ದೆ, ಸದ್ದು ನಾಲ್ಕರ ಮೇಲೆ ಹೋಗದಂತೆ. ಆಗ ಸಿಕ್ಕಿದವನು ಈ ಕೋಲ್ಬೇರ್.

ಅಮೆರಿಕದ ತಡರಾತ್ರಿಯ ಹಾಸ್ಯಕ್ಕೆ ಒಂದು ಸಂಪ್ರದಾಯವಿದೆ. ಮೊದಲು ಬ್ಯಾಂಡು. ಆಮೇಲೆ ಸೂಟು ತೊಟ್ಟವನೊಬ್ಬ ಓಡಿ ಬರುತ್ತಾನೆ. ನಿಂತುಕೊಂಡೇ ಆ ದಿನದ ಸುದ್ದಿಯನ್ನೆಲ್ಲ ಗೇಲಿ ಮಾಡುತ್ತಾನೆ. ಬಳಿಕ ಮೇಜಿನ ಹಿಂದೆ ಕೂರುತ್ತಾನೆ, ಬೆನ್ನ ಹಿಂದೆ ದೀಪ ಹಚ್ಚಿದ ಊರಿನ ಚಿತ್ರ. ಅತಿಥಿ ಬರುತ್ತಾರೆ, ತಮ್ಮ ಸಿನಿಮಾ ಹೊಗಳಿಕೊಂಡು ಹೋಗುತ್ತಾರೆ. ಕೋಲ್ಬೇರನ ಕಾರ್ಯಕ್ರಮ ನಡೆಯುತ್ತಿದ್ದದ್ದು ನ್ಯೂಯಾರ್ಕಿನ ಬ್ರಾಡ್‌ವೇಯ ಎಡ್ ಸಲಿವನ್ ಥಿಯೇಟರಿನಲ್ಲಿ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಹುಡುಗರು ಅಮೆರಿಕದ ಟಿವಿಯಲ್ಲಿ ಹಾಡಿ ಹುಚ್ಚು ಹಿಡಿಸಿದ್ದೂ ಅದೇ ರಂಗದ ಮೇಲೆ.

ಇನ್ನು ತಪ್ಪೊಪ್ಪಿಗೆ. ಆತ ಹೇಳುತ್ತಿದ್ದ ಜೋಕುಗಳಲ್ಲಿ ಹತ್ತಕ್ಕೆ ಒಂಬತ್ತು ನನಗೆ ಅರ್ಥವಾಗುತ್ತಿರಲಿಲ್ಲ.

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿದವನು ನಾನು. ಪಂಪನ ದುರ್ಯೋಧನ ಗೊತ್ತು. ಅಮೆರಿಕದ ಸೆನೆಟರುಗಳು, ಅವರ ಊರು, ಅವರ ಹಗರಣ, ಅವರ ಬೇಸ್‌ಬಾಲು ಎಲ್ಲಿ ಗೊತ್ತಾಗಬೇಕು? ಆದರೆ ನನ್ನ ಮಾನ ಕಾಯಲು ಥಿಯೇಟರಿನ ತುಂಬ ನಾನೂರು ಜನ ಕೂತಿದ್ದರು. ಅವರು ನಕ್ಕ ಅರೆಕ್ಷಣಕ್ಕೆ ನಾನೂ ನಗುತ್ತಿದ್ದೆ. ಅವರು 'ಓ' ಎಂದು ರಾಗ ಎಳೆದರೆ ನಾನು ತಲೆಯಾಡಿಸುತ್ತಿದ್ದೆ. ಚಪ್ಪಾಳೆ ಬಂದಾಗ ಮಗುವಿನ ಬೆನ್ನನ್ನೇ ಸ್ವಲ್ಪ ಜೋರಾಗಿ ತಟ್ಟುತ್ತಿದ್ದೆ. ಅಳಿಯಂದಿರು ಮಗಳ ಹತ್ತಿರ, "ನಿಮ್ಮಪ್ಪನಿಗೆ ಇಲ್ಲಿನ ಪಾಲಿಟಿಕ್ಸ್ ಎಷ್ಟು ಚೆನ್ನಾಗಿ ಗೊತ್ತು ನೋಡು, ನನಗಿಂತ ಮುಂಚೆ ನಗ್ತಾರೆ" ಎಂದದ್ದು ನನ್ನ ಕಿವಿಗೂ ಬಿತ್ತು. ಅವತ್ತಿನಿಂದ ಇನ್ನೂ ಹುಷಾರಾಗಿ ನಕ್ಕೆ.

ಇದು ಕರ್ಮಫಲ ಅಂತಲೂ ಗೊತ್ತಿತ್ತು. ನನ್ನ ತರಗತಿಯಲ್ಲಿ ಪ್ರತಿ ವರ್ಷ ಅದೇ ಪುಟಕ್ಕೆ ಅದೇ ಜೋಕು ಹೇಳುತ್ತಿದ್ದೆ. ಮೊದಲ ಬೆಂಚಿನವರು ಹಾಜರಿಗಾಗಿ ನಗುತ್ತಿದ್ದರು, ಅವರನ್ನು ನೋಡಿ ನಡುವಿನವರು, ಅವರ ಸದ್ದಿಗೆ ಎಚ್ಚರಗೊಂಡು ಕೊನೆಯ ಬೆಂಚಿನವರು. ಈಗ ಕೊನೆಯ ಬೆಂಚಿನಲ್ಲಿ ನಾನು ಕೂತಿದ್ದೆ, ಹೆಗಲ ಮೇಲೊಂದು ಮಗು ಬೇರೆ.

ಮಾರ್ಚ್ 12ರ ಗುರುವಾರ ರಾತ್ರಿ ಟಿವಿ ಹಾಕಿದರೆ ಥಿಯೇಟರು ಖಾಲಿ. ಕೊರೊನಾ ಬಂದಿತ್ತು. ಸಿಬ್ಬಂದಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು ಅಷ್ಟೆ. ಆತ ಜೋಕು ಹೇಳಿದ, ರೂಢಿಯಂತೆ ನಿಲ್ಲಿಸಿದ. ಏನೂ ಬರಲಿಲ್ಲ. ನಾನು ನಗಬೇಕೋ ಬೇಡವೋ ತಿಳಿಯದೆ ಬಾಯಿ ಅರ್ಧ ತೆರೆದುಕೊಂಡು ಕೂತೆ. ಮಗು ತೇಗಿತು. ಅವತ್ತು ಕೋಲ್ಬೇರನಿಗೆ ನಮ್ಮ ಮನೆಯಿಂದ ಸಂದ ಪ್ರತಿಕ್ರಿಯೆ ಅದೊಂದೇ.

ನಾಲ್ಕು ದಿನ ಕಳೆದು, 16ನೇ ತಾರೀಕು, ಆತ ಥಿಯೇಟರನ್ನೇ ಬಿಟ್ಟು ಮನೆಯ ಬಚ್ಚಲಿಗೆ ಬಂದಿದ್ದ. ಸ್ನಾನದ ತೊಟ್ಟಿ, ಅದರ ತುಂಬ ನೊರೆ, ನೊರೆಯ ನಡುವೆ ಸೂಟು ತೊಟ್ಟ ಕೋಲ್ಬೇರ್. ನೀರು ಕುಡಿಯಲು ಎದ್ದ ನನ್ನಾಕೆ ಅಲ್ಲೇ ನಿಂತುಬಿಟ್ಟಳು.

"ಇದೇನ್ರೀ ಇದು?"

"ಹಾಸ್ಯ ಕಾರ್ಯಕ್ರಮ ಕಣೆ. ಮನೆಯಿಂದಲೇ ಮಾಡ್ತಿದ್ದಾನೆ."

"ಮನೇಲಿ ಬೇರೆ ಜಾಗ ಇರಲಿಲ್ವಾ? ಅಷ್ಟು ಒಳ್ಳೆ ಕೋಟು ನೆನೀತಲ್ಲ. ಅದನ್ನ ಒಗೆಯೋರು ಯಾರು?"

ಅಮೆರಿಕದ ಹಾಸ್ಯವನ್ನು ಅಷ್ಟು ಮೂಲಕ್ಕೆ ಹೋಗಿ ವಿಮರ್ಶೆ ಮಾಡಿದವರು ಇನ್ನೊಬ್ಬರು ಇರಲಾರರು. ಬೆಳಿಗ್ಗೆ ಅಂಥದೇ ತೊಟ್ಟಿಯಲ್ಲಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆನೀರು ಹಾಕಿದವಳು ಅವಳು. ಆ ಜಾಗದ ಕಷ್ಟ ಬಲ್ಲವಳು. ಅವನ ಮನೆಯೂ ಇದೇ ನ್ಯೂಜೆರ್ಸಿಯಲ್ಲಿದೆ ಎಂದು ಮಗಳು ಹೇಳಿದಾಗ, "ಹೌದಾ? ಮೊದಲೇ ಹೇಳಿದ್ರೆ ಒಂದು ಡಬ್ಬ ಚಕ್ಕುಲಿ ಕೊಟ್ಟು ಬರಬಹುದಿತ್ತು" ಎಂದಳು.

ಮಾರ್ಚ್ 22ರಿಂದ ಭಾರತಕ್ಕೆ ವಿಮಾನ ಇಳಿಯುವುದು ನಿಂತಿತು. ನಮ್ಮ ಏಪ್ರಿಲ್ ತಿಂಗಳ ಟಿಕೆಟ್ಟು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡ ಅಲಂಕಾರವಾಯಿತು. ಹೊರಗೆ ಹೋಗುವಂತಿಲ್ಲ, ಯಾರೂ ಬರುವಂತಿಲ್ಲ. ರಾತ್ರಿ ಪಾಳಿಗೆ ಈಗ ಇಡೀ ಮನೆಯೇ ಹಾಜರು. ಬಾಣಂತಿ ಸೋಫಾದಲ್ಲಿ, ಅಳಿಯಂದಿರು ಲ್ಯಾಪ್‌ಟಾಪಿನ ಹಿಂದೆ, ಇವಳು ನೆಲದ ಮೇಲೆ ಮಗುವಿನ ಬಟ್ಟೆ ಮಡಿಸುತ್ತ. ಚಾನೆಲ್ಲು ಚಾನೆಲ್ಲಿಗೂ ಒಬ್ಬೊಬ್ಬ ಹಾಸ್ಯಗಾರ ತಂತಮ್ಮ ಮನೆ ತೆರೆದು ಕೂತಿದ್ದ. ನಮಗೋ, ಗೃಹಪ್ರವೇಶಗಳ ಊಟವಿಲ್ಲದ ಮೆರವಣಿಗೆ.

ಜಿಮ್ಮಿ ಫಾಲನ್ನನ ಮನೆಯೊಳಗೆ ಮಕ್ಕಳ ಜಾರುಬಂಡಿಯಿತ್ತು. ಹೆಂಡತಿ ಕ್ಯಾಮೆರಾ ಹಿಡಿಯುತ್ತಿದ್ದಳು. ಕಾರ್ಯಕ್ರಮದ ಹೆಸರಿನ ಫಲಕವನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದದ್ದು ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಅಪ್ಪ ಜೋಕು ಹೇಳುತ್ತಿದ್ದರೆ ಅವು ಬೆನ್ನು ಹತ್ತುವುದು, ಕಿವಿ ಎಳೆಯುವುದು. ಒಮ್ಮೆ ಅತಿಥಿಯ ಜೊತೆ ಮಾತು ನಡೆಯುತ್ತಿರುವಾಗಲೇ ದೊಡ್ಡ ಮಗಳು ಬಂದು ಹಲ್ಲು ಬಿತ್ತೆಂದು ಬಾಯಿ ತೆರೆದು ತೋರಿಸಿದಳು. ನಮ್ಮನೆಯಲ್ಲಿ ಆ ವರ್ಷ ಬಿದ್ದ ಅತಿ ದೊಡ್ಡ ನಗು ಅದಕ್ಕೇ. ಅದಕ್ಕೆ ಅನುವಾದ ಬೇಕಿರಲಿಲ್ಲ.

ಸೆತ್ ಮೆಯರ್ಸ್ ಎಂಬಾತ ಅಟ್ಟ ಹತ್ತಿದ್ದ. ಇಳಿಜಾರು ಚಾವಣಿಯ ಕೆಳಗೆ ತಲೆ ತಾಗೀತೆಂಬ ಭಯದಲ್ಲಿ ಕೂತಂತೆ ಕೂತು, ಅಟ್ಟದ ಕಣಜದ ಹುಳುಗಳನ್ನೂ ಸಹಿಸಿಕೊಂಡು ಸುದ್ದಿ ಹೇಳುತ್ತಿದ್ದ. ಅವನ ಮಗ್ಗುಲಲ್ಲಿ 'ದಿ ಥಾರ್ನ್ ಬರ್ಡ್ಸ್' ಎಂಬ ಹಳೆಯ ಕಾದಂಬರಿ. ದಿನಗಳೆದಂತೆ ನೋಡುಗರಿಗೆ ಅವನು ಏನು ಹೇಳಿದ ಅನ್ನುವುದಕ್ಕಿಂತ ಆ ಪುಸ್ತಕ ಇವತ್ತು ಎಲ್ಲಿದೆ ಅನ್ನುವುದೇ ಕುತೂಹಲವಾಯಿತು. ಕೋನನ್ ಓಬ್ರಿಯನ್ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿಕೊಂಡ. ಟ್ರೆವರ್ ನೋವಾ ಸೂಟು ಬಿಟ್ಟು, ನಮ್ಮ ಅಳಿಯಂದಿರ ಹಾಗೆಯೇ, ತಲೆಗವುಸಿನ ಮನೆಯಂಗಿಯಲ್ಲಿ ಕೂತ. ಜಾನ್ ಆಲಿವರನ ಹಿಂದೆ ಬರೀ ಬಿಳಿ. ಸಮಂತಾ ಬೀ ಮರಗಳ ನಡುವೆ ನಿಂತಳು, ಕ್ಯಾಮೆರಾದ ಹಿಂದೆ ಅವಳ ಗಂಡ.

ಒಂದೇ ಕಾರ್ಯಕ್ರಮವನ್ನು ನಾವು ನಾಲ್ವರು ನಾಲ್ಕು ರೀತಿ ನೋಡುತ್ತಿದ್ದೆವು. ಅಳಿಯಂದಿರ ಕಣ್ಣು ಚಿತ್ರ ಎಲ್ಲಿ ತಡವರಿಸುತ್ತದೆ, ಇಂಟರ್ನೆಟ್ಟು ಯಾವ ಕಂಪನಿಯದು ಎಂಬುದರ ಮೇಲೆ. ಮಗಳು ಬೆನ್ನ ಹಿಂದಿನ ಕಪಾಟಿನ ಪುಸ್ತಕ ಓದುತ್ತಿದ್ದಳು. ನನ್ನಾಕೆ ಕಸ ಗುಡಿಸಿದೆಯೇ, ಪರದೆ ಒಗೆದಿದೆಯೇ, ಮಕ್ಕಳಿಗೆ ತಲೆ ಬಾಚಿದೆಯೇ ನೋಡುತ್ತಿದ್ದಳು. "ಇಷ್ಟು ಹೊತ್ತಾದರೂ ಆ ಮಕ್ಕಳನ್ನ ಮಲಗಿಸಿಲ್ವಲ್ಲ" ಎಂಬ ಅವಳ ಆಕ್ಷೇಪಕ್ಕೆ, ಅದು ಹಗಲು ಚಿತ್ರಿಸಿದ್ದು ಎಂದು ನಾಲ್ಕು ಸಲ ವಿವರಿಸಿ ಸೋತೆವು. ನಾನು? ಎಲ್ಲಿ ನಗಬೇಕೆಂದು ಹುಡುಕುತ್ತಿದ್ದೆ.

ಹೊರಗಿನ ನೋಡುಗರಲ್ಲೂ ಎರಡು ಪಂಗಡ. ಜನರ ನಗುವಿಲ್ಲದ ಜೋಕು ಒಗ್ಗರಣೆ ಹಾಕದ ಸಾರು ಎಂದರು ಕೆಲವರು. ಇಷ್ಟು ವರ್ಷ ಆ ಸಭೆಗೆ ಮಾತಾಡುತ್ತಿದ್ದವನು ಈಗ ನನ್ನ ಮುಖ ನೋಡಿ ಮಾತಾಡುತ್ತಿದ್ದಾನೆ, ಇದೇ ಚೆಂದ ಎಂದರು ಇನ್ನು ಕೆಲವರು. ಬಿಲ್ ಮಾರ್ ತನ್ನ ಹಿತ್ತಲಲ್ಲಿ ನಿಂತು ಜೋಕು ಹೇಳಿ, ಯಾವುದೋ ಓಬೀರಾಯನ ಕಾಲದ ಸಭಿಕರು ಬಿದ್ದು ಬಿದ್ದು ನಗುವ ಹಳೆಯ ಚಿತ್ರದ ತುಣುಕನ್ನು ನಡುವೆ ಅಂಟಿಸುತ್ತಿದ್ದ. ನನಗೆ ಅನುಕೂಲವೇನೋ ಆಯಿತು. ಆದರೂ ಮನಸ್ಸು ಒಪ್ಪಲಿಲ್ಲ. ಎಂದೋ ಯಾವುದಕ್ಕೋ ನಕ್ಕ ನಗುವನ್ನು ಇಂದಿನ ಜೋಕಿಗೆ ಸಾಲ ತಂದ ಹಾಗಿತ್ತು.

ನಗಿಸುವವರ ಕಷ್ಟ ಏನೆಂದು ನನಗೆ ಸರಿಯಾಗಿ ಕಂಡದ್ದು ಆ ದಿನಗಳಲ್ಲೇ. ಜೋಕು ಹೇಳುವವನು ಅದರ ಕೊನೆಯಲ್ಲಿ ಒಂದು ಜಾಗ ಬಿಟ್ಟಿರುತ್ತಾನೆ, ಊಟಕ್ಕೆ ಬರುವವರಿಗೆ ಮಣೆ ಹಾಕಿದ ಹಾಗೆ. ಸಭೆಯಿದ್ದಾಗ ನಗು ಬಂದು ಅಲ್ಲಿ ಕೂರುತ್ತದೆ, ನಮಗೆ ಮಣೆ ಕಾಣುವುದೇ ಇಲ್ಲ. ಈಗ ಬರೀ ಮಣೆ. ಆ ಎರಡು ಸೆಕೆಂಡಿನಲ್ಲಿ ನಮ್ಮ ಫ್ರಿಜ್ಜು ಗುಂಯ್‌ಗುಡುವುದು ಕೇಳುತ್ತಿತ್ತು. ಅದಕ್ಕೂ ಆಚೆ, ದೂರದ ಹೆದ್ದಾರಿಯಲ್ಲಿ ಆಂಬುಲೆನ್ಸಿನ ಕೂಗು. ಆ ಏಪ್ರಿಲ್ಲಿನಲ್ಲಿ ಅದು ನಿಂತ ರಾತ್ರಿಯೇ ಇಲ್ಲ.

ಹೀಗಿರುವಾಗ ಒಂದು ರಾತ್ರಿ ಕೋಲ್ಬೇರ್ ಏನೋ ಹೇಳಿ ನಿಲ್ಲಿಸಿದ. ಅವನ ಕಣ್ಣು ಕ್ಯಾಮೆರಾ ಬಿಟ್ಟು ಒಂದಿಷ್ಟು ಪಕ್ಕಕ್ಕೆ ಸರಿಯಿತು. ಕ್ಯಾಮೆರಾದ ಆಚೆಯಿಂದ, ಕಾಣದ ಜಾಗದಿಂದ, ಒಬ್ಬ ಹೆಂಗಸಿನ ನಗು ಬಂತು. ತಡೆಹಿಡಿಯಲು ಹೋಗಿ ಸೋತ ನಗು. ಅವನ ಮುಖ ಒಮ್ಮೆಲೆ ಅರಳಿತು.

ಬಟ್ಟೆ ಮಡಿಸುತ್ತಿದ್ದ ನನ್ನಾಕೆ ತಲೆ ಎತ್ತಿದಳು. "ಅವನ ಹೆಂಡತಿ."

"ನಿನಗೆ ಹೇಗೆ ಗೊತ್ತು?"

"ಅವನು ನೋಡಿದ್ದು ನೋಡಿದ್ರೆ ಗೊತ್ತಾಗಲ್ವಾ?"

ಗೊತ್ತಾಗಿರಲಿಲ್ಲ ನನಗೆ. ವಿಚಾರಿಸಿದರೆ ನಿಜವಾಗಿಯೂ ಅವನ ಹೆಂಡತಿಯೇ, ಹೆಸರು ಎವಿ. ಥಿಯೇಟರಿನ ನಾನೂರು ಜನರ ಕೆಲಸವನ್ನು ಆಕೆ ಒಬ್ಬಳೇ ಮಾಡುತ್ತಿದ್ದಳು. ಆಗಸ್ಟಿನಲ್ಲಿ ಆತ ಥಿಯೇಟರಿನ ಕಟ್ಟಡದಲ್ಲೇ ಒಂದು ಪುಟ್ಟ ಕೋಣೆಗೆ ಮರಳಿದಾಗಲೂ ಕೇಳಿಸುತ್ತಿದ್ದದ್ದು ಅದೇ ನಗು. ನೋಡುಗರಿಗೆ ಆ ನಗು ಎಷ್ಟು ಹಿಡಿಸಿತೆಂದರೆ, ಜೋಕಿಗಿಂತ ಅದನ್ನೇ ಕಾಯುವವರು ಹುಟ್ಟಿಕೊಂಡರು. ಸಭೆಯ ನಗುವಿನಲ್ಲಿ ಯಾರು ಯಾಕೆ ನಕ್ಕರೆಂದು ತಿಳಿಯುವುದಿಲ್ಲ. ಇದು ಹಾಗಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿದ ಮೇಲೂ ಗಂಡನ ಜೋಕಿಗೆ ನಗುವ ಹೆಂಡತಿಯ ನಗು. ಅಂಥದ್ದನ್ನು ಕೇಳಿ ಬಲ್ಲ ಗಂಡಸರು ಎಷ್ಟಿದ್ದಾರು!

ನನಗೂ ದಾರಿ ಸಿಕ್ಕಿತು. ಎವಿ ನಕ್ಕಲ್ಲಿ ನಕ್ಕೆ. ನನ್ನ ಪಾಂಡಿತ್ಯ ಮರಳಿ ಸ್ಥಾಪನೆಯಾಯಿತು.

ನನ್ನಾಕೆಯೂ ನಗುತ್ತಿದ್ದಳು. ಅವಳ ಇಂಗ್ಲಿಷು ನನಗಿಂತ ಕಡಿಮೆ. ಆದರೂ ಅವಳು ನಗುತ್ತಿದ್ದದ್ದು ಎವಿ ನಕ್ಕ ಮೇಲಲ್ಲ, ಕೆಲವು ಸಲ ಅದಕ್ಕೂ ಮುಂಚೆ. ಅದು ಹೇಗೆಂದು ಆಗ ನನಗೆ ಹೊಳೆಯಲಿಲ್ಲ.

ಏಪ್ರಿಲ್ 11ರ ಶನಿವಾರ ರಾತ್ರಿ 'ಸ್ಯಾಟರ್ಡೆ ನೈಟ್ ಲೈವ್' ಕೂಡ ಮನೆಯಿಂದಲೇ ಬಂತು. ಟಾಮ್ ಹ್ಯಾಂಕ್ಸ್ ತನ್ನ ಅಡುಗೆಮನೆಯಲ್ಲಿ ಬೋಳುತಲೆಯಲ್ಲಿ ನಿಂತಿದ್ದ. ಹಿಂದಿನ ತಿಂಗಳಷ್ಟೇ ಆಸ್ಟ್ರೇಲಿಯಾದಲ್ಲಿ ಅವನಿಗೂ ಹೆಂಡತಿಗೂ ಕೊರೊನಾ ಬಂದ ಸುದ್ದಿ ಕೇಳಿ ಲೋಕವೇ ಬೆಚ್ಚಿತ್ತು. "ಬಂದು ವಾಸಿಯಾದವನು ನಿಂತು ನಗಿಸ್ತಿದ್ದಾನೆ ನೋಡಿ" ಎಂದು ಇವಳು ಮಗುವಿನ ನೆಟಿಗೆ ಮುರಿದು ದೇವರಮನೆಯ ಕಡೆ ನೋಡಿದಳು. ಅದೇ ಕಾರ್ಯಕ್ರಮದಲ್ಲಿ, ದಶಕಗಳ ಕಾಲ ಅವರಿಗೆ ಸಂಗೀತ ಜೋಡಿಸಿಕೊಟ್ಟ ಹಾಲ್ ವಿಲ್ನರ್ ಎಂಬಾತನನ್ನು ನೆನೆದರು. ನಾಲ್ಕು ದಿನ ಹಿಂದೆ ತೀರಿಕೊಂಡಿದ್ದ. ಅದುವರೆಗೆ ನಗಿಸುತ್ತಿದ್ದವರೇ ತಂತಮ್ಮ ಮನೆಯ ಕೋಣೆಗಳಿಂದ ಒಬ್ಬೊಬ್ಬರಾಗಿ ಮಾತಾಡಿದರು. ಸಾವಿನ ಮನೆಗೆ ಹೋಗಲಾರದೆ ಫೋನಿನಲ್ಲಿ ಅಳುತ್ತಿದ್ದ ಕಾಲ ಅದು. ನಮ್ಮ ಬಳಗದಲ್ಲೂ ಹಾಗೆ ಎರಡು ಫೋನು ಬಂದಿದ್ದವು. ಯಾರೂ ಮಾತಾಡಲಿಲ್ಲ. ಮಗು ತೇಗುವ ತನಕ ಹಾಗೇ ಕೂತಿದ್ದೆವು.

ಆ ದಿನಗಳಲ್ಲಿ ಸಂಜೆ ಏಳಕ್ಕೆ ನ್ಯೂಯಾರ್ಕಿನ ಜನ ಕಿಟಕಿಗೆ ಬಂದು ವೈದ್ಯರಿಗೆ, ದಾದಿಯರಿಗೆ ಚಪ್ಪಾಳೆ ತಟ್ಟುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅದಕ್ಕೂ ಮೊದಲು, ಮಾರ್ಚ್ 22ರ ಸಂಜೆ ಐದಕ್ಕೆ, ಮೈಸೂರಿನಲ್ಲಿ ನಮ್ಮ ಬೀದಿಯವರು ತಟ್ಟೆ ಬಾರಿಸಿದ್ದನ್ನು ನಾದಿನಿ ಫೋನಿನಲ್ಲಿ ಕೇಳಿಸಿದ್ದಳು. ಥಿಯೇಟರಿನಿಂದ ಕಾಣೆಯಾದ ಸಭಿಕರೆಲ್ಲ ಎಲ್ಲಿ ಹೋದರೆಂದು ನನಗೆ ಗೊತ್ತಾಯಿತು. ಮನೆಮನೆಯ ಕಿಟಕಿಯಲ್ಲಿದ್ದರು, ತಟ್ಟಲು ಏನಾದರೂ ಸಿಕ್ಕೀತೇ ಎಂದು ಕಾಯುತ್ತ.

ಜುಲೈ ಕೊನೆಗೆ, ಸಿಕ್ಕಿಬಿದ್ದವರನ್ನು ಊರಿಗೆ ಕರೆತರುವ ವಂದೇ ಭಾರತ್ ವಿಮಾನದಲ್ಲಿ ಜಾಗ ಸಿಕ್ಕಿತು. ಮಗು ಆಗ ತಾನೇ ಬೋರಲು ಬಿದ್ದು ತಲೆ ಎತ್ತಲು ಕಲಿತಿತ್ತು. ಹೊರಡುವ ರಾತ್ರಿಯೂ ನನ್ನದೇ ಪಾಳಿ. ಅವತ್ತು ತೇಗು ಬೇಗ ಬಂದುಬಿಟ್ಟಿತು. ಆದರೂ ಅರ್ಧ ಗಂಟೆ ತಟ್ಟುತ್ತಲೇ ಇದ್ದೆ.

ಆಮೇಲಿನದ್ದನ್ನು ಮೈಸೂರಿನಿಂದ ಫೋನಿನ ತುಣುಕುಗಳಲ್ಲಿ ನೋಡಿದ್ದು. ಅಟ್ಟದ ಸೆತ್ ಮೆಯರ್ಸ್ ಸ್ಟುಡಿಯೋಗೆ ಇಳಿದು ಬಂದ ಮೇಲೂ ಎದುರಿಗೆ ಸಭಿಕರಿರಲಿಲ್ಲ. 2021ರಲ್ಲಿ ಆತ ಒಂದು ಹೊಸ ಆಟ ಹೂಡಿದ. ವಾರವೆಲ್ಲ ತಾನು ಆಡಿದ ತಪ್ಪುಗಳನ್ನು, ಉಚ್ಚಾರ ಕೆಟ್ಟದ್ದು, ಹಕ್ಕಿಯ ಹೆಸರು ತಪ್ಪಿದ್ದು ಇಂಥವನ್ನೆಲ್ಲ, ಹೆಕ್ಕಿ ತೋರಿಸುವ ನೋಡುಗರಿಗೆ ಉತ್ತರ ಕೊಡುವುದೇ ಒಂದು ಕಾರ್ಯಕ್ರಮ. ಅಂಥವರಿಗೆ ಆತ ಪ್ರೀತಿಯಿಂದ ಇಟ್ಟ ಹೆಸರು, ನರಿಗಳು. ಮೂವತ್ತನಾಲ್ಕು ವರ್ಷ ಕೆಂಪು ಶಾಯಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಿದ್ದಿದ ನನಗೆ ನನ್ನ ಕುಲ ಕೊನೆಗೂ ತಿಳಿಯಿತು. ನಗಲು ಬರದವರು ತಪ್ಪು ಹುಡುಕುತ್ತಾರೆ. ಅದೂ ಒಂದು ಬಗೆಯ ಹಾಜರಿ.

2021ರ ಜೂನ್ 14ರಂದು ಎಡ್ ಸಲಿವನ್ ಥಿಯೇಟರಿನಲ್ಲಿ ಮತ್ತೆ ಜನ ತುಂಬಿದರು, ಎಲ್ಲರೂ ಲಸಿಕೆ ಹಾಕಿಸಿಕೊಂಡವರು. ಚಪ್ಪಾಳೆ ನಿಲ್ಲಲೇ ಇಲ್ಲ. ನನಗೆ ಮತ್ತೆ ನಾನೂರು ಮಂದಿ ಮಾರ್ಗದರ್ಶಕರು ಸಿಕ್ಕಿದಂತಾಯಿತು. ನನ್ನಾಕೆ ಮಾತ್ರ ಎರಡು ನಿಮಿಷ ನೋಡಿ, "ಈ ಗಲಾಟೇಲಿ ಅವಳ ನಗು ಕೇಳಿಸೋದೇ ಇಲ್ಲ" ಎಂದು ಎದ್ದು ಹೋದಳು. ಆಮೇಲೆ ಅವಳು ಆ ಕಾರ್ಯಕ್ರಮ ನೋಡಿದ್ದು ನನಗೆ ನೆನಪಿಲ್ಲ.

ಈಗ ನಮ್ಮ ಮನೆಯಲ್ಲೇ ಒಂದು ಕಾರ್ಯಕ್ರಮವಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ. ಹೆಗಲ ಮೇಲೆ ತೇಗುತ್ತಿದ್ದ ಆಕೆಗೆ ಈಗ ಐದು ತುಂಬಿದೆ. ಅಮ್ಮನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಅಡುಗೆಮನೆಯ ಸ್ಟೂಲು ಹತ್ತಿ, ಜೋಕು ಹೇಳುತ್ತಾಳೆ. ಮುಂದಿನ ಹಲ್ಲೊಂದು ಅಲ್ಲಾಡುತ್ತಿರುವುದರಿಂದ ಅವಳ ಇಂಗ್ಲಿಷಿನ ಅರ್ಧ ಗಾಳಿಗೆ ಹೋಗುತ್ತದೆ. ಉಳಿದ ಅರ್ಧ ನಮ್ಮ ನೆಟ್‌ವರ್ಕಿಗೆ. ಮೊನ್ನೆಯ ಜೋಕಿನಲ್ಲಿ ಒಂದು ಡೈನೋಸಾರ್, ಒಂದು ಬಾಳೆಹಣ್ಣು ಮತ್ತು ಕ್ಲಾಸಿನ ಯಾವನೋ ಹುಡುಗನ ಶೂ ಇದ್ದವು. ಯಾರು ಯಾರನ್ನು ತಿಂದರೋ ಗೊತ್ತಾಗಲಿಲ್ಲ. ನಾನು ಕನ್ನಡಕ ಸರಿಮಾಡಿಕೊಂಡು, ಕೊನೆಯ ವಾಕ್ಯ ಏನಿತ್ತೆಂದು ಯೋಚಿಸುತ್ತಿದ್ದೆ.

ಪಕ್ಕದಲ್ಲಿ ನನ್ನಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ನಗು ಅಲ್ಲಿಗೆ ತಲುಪಲು ಎರಡು ಸೆಕೆಂಡು ಹಿಡಿಯಿತು. ಅಷ್ಟು ಹೊತ್ತೂ ಮಗು ಬಾಯಿ ಅರ್ಧ ತೆರೆದುಕೊಂಡು ಕಾಯುತ್ತಿತ್ತು. ಆಮೇಲೆ ಮುಖ ಅರಳಿತು. ಸ್ಟೂಲಿನಿಂದ ಧುಮುಕಿ ಓಡಿತು, ಅಜ್ಜಿ ನಕ್ಕಳೆಂದು ಅಪ್ಪನಿಗೆ ಹೇಳಲು.

"ನಿನಗೇನು ಅರ್ಥ ಆಯ್ತೇ?" ಎಂದೆ.

"ಏನೂ ಇಲ್ಲ."

"ಮತ್ತೆ, ಎಲ್ಲಿ ನಗಬೇಕು ಅಂತ ಹೇಗೆ ಗೊತ್ತಾಯ್ತು?"

ಮೂವತ್ತನಾಲ್ಕು ವರ್ಷ ಪಾಠ ಮಾಡಿದವನಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿದಳು. "ಮಾತು ನಿಲ್ಲಿಸಿ ನನ್ನ ಮುಖ ನೋಡಿತಲ್ಲ ರೀ" ಎಂದವಳೇ ಕಾಫಿ ಬಿಸಿ ಮಾಡಲು ಒಳಗೆ ಹೋದಳು.